ಬಸ್ಸಿನ ಮೆಟ್ಟಿಲು, ಡ್ರೈವರ್ ಸೊಂಟ

ಕೂತೇ ಇರಬೇಡಿ ಅಂತ ಈಗ ಕೈಗಡಿಯಾರವೂ ಹೇಳುತ್ತೆ. ಇದಕ್ಕೆ ಗಟ್ಟಿ ಪುರಾವೆ ಮೊದಲು ಸಿಕ್ಕಿದ್ದು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ. ಡ್ರೈವರ್ ಕೂತೇ ಇರ್ತಿದ್ದ. ಕಂಡಕ್ಟರ್ ಟಿಕೆಟ್ ಕೊಡೋಕೆ ದಿನಕ್ಕೆ ಸುಮಾರು 600 ಮೆಟ್ಟಿಲು ಹತ್ತುತ್ತಿದ್ದ. ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ, ಬಂದರೂ ತಡವಾಗಿ ಅಂತ ಜೆರ್ರಿ ಮಾರಿಸ್ ತಂಡ 1953ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬರೆಯಿತು.

ಆದ್ರೆ ದಪ್ಪಗಿದ್ದವರೇ ಡ್ರೈವರ್ ಕೆಲಸಕ್ಕೆ ಸೇರ್ತಿದ್ರೆ? ಮಾರಿಸ್ ಯೂನಿಫಾರ್ಮ್ ಅಳತೆಗಳನ್ನೇ ತರಿಸಿ ನೋಡಿದರು. ಡ್ರೈವರ್‌ಗಳ ಸೊಂಟ ಸಣ್ಣ ವಯಸ್ಸಿನಲ್ಲೇ ದೊಡ್ಡದಿತ್ತು! ಅದನ್ನೂ 1956ರಲ್ಲಿ ಪ್ರಕಟಿಸಿದರು. ತನ್ನ ಕೋಡಿಗೆ ತಾನೇ ಬಗ್ ಹಾಕಿಕೊಂಡ ಹಾಗೆ. ನನಗೆ ಈ ಮನುಷ್ಯ ಇಷ್ಟವಾಗೋದು ಇದಕ್ಕೇ.

ಮುಂದೆ ಅವರು ಆರಿಸಿಕೊಂಡಿದ್ದು ನಮ್ಮಂಥವರನ್ನ: ಮೇಜಿನ ಮುಂದೆ ಕೂರುವ ಸರ್ಕಾರಿ ಅಧಿಕಾರಿಗಳು. ಕೆಲಸ ಎಲ್ಲರದ್ದೂ ಒಂದೇ ಥರ. ಬಿಡುವಿನಲ್ಲಿ ಈಜು, ತೋಟದ ಕೆಲಸ ಅಂತ ಚೆನ್ನಾಗಿ ಬೆವರು ಹರಿಸಿದವರಲ್ಲಿ ಹೃದಯಾಘಾತ ಕಡಿಮೆ ಅನ್ನೋ ಫಲಿತಾಂಶ 1973ರಲ್ಲಿ ಬಂತು.