ಊರಿನ ಹೆಸರು ಹೊತ್ತ ಕಪ್ಪೆ

ಚಾರ್ಮಾಡಿ ಘಾಟಿ ಹತ್ತಿ ಬಂದವರು ಕೊಟ್ಟಿಗೆಹಾರದಲ್ಲಿ ಗಾಡಿ ನಿಲ್ಲಿಸಿ, ನೀರುದೋಸೆ ತಿಂದೇ ಮುಂದೆ ಹೋಗುವುದು ವಾಡಿಕೆ. ಮೂಡಿಗೆರೆ ತಾಲ್ಲೂಕಿನ ಈ ಸಣ್ಣ ಊರಿನ ಹೆಸರು ವಿಜ್ಞಾನದ ಪುಸ್ತಕಗಳಲ್ಲೂ ಇದೆ. ಅದಕ್ಕೆ ಕಾರಣ ಒಂದು ಪುಟ್ಟ ಕಪ್ಪೆ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ.ಆರ್. ನಾರಾಯಣ ರಾವ್ ಕಪ್ಪೆಗಳ ಬೆನ್ನು ಹತ್ತಿದವರು. 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. 1937ರಲ್ಲಿ ಅವರು ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳ ವಿವರ ಪ್ರಕಟಿಸಿದರು. ಅವುಗಳಲ್ಲಿ ಒಂದಕ್ಕೆ ಊರಿನ ಹೆಸರನ್ನೇ ಸೇರಿಸಿ ‘ಕೊಟ್ಟಿಗೆಹಾರೆನ್ಸಿಸ್’ ಎಂದು ಕರೆದರು.

ಹೊಸ ಜೀವಿಗೆ ಹೆಸರಿಟ್ಟವರು ಅದರ ಮಾದರಿಯನ್ನು ಜಾಡಿಯಲ್ಲಿ ಕಾಪಿಡುತ್ತಾರೆ. ಮುಂದೆ ಅನುಮಾನ ಬಂದರೆ ಅದನ್ನೇ ತೆಗೆದು ನೋಡಬೇಕು. ಜಮೀನಿಗೆ ಮೂಲಪತ್ರ ಇದ್ದ ಹಾಗೆ. ಆದರೆ ರಾವ್ ಕಾಲೇಜಿನಲ್ಲಿ ಇಟ್ಟಿದ್ದ ಮಾದರಿಗಳು ಕಳೆದುಹೋದವು. ಉಳಿದದ್ದು ಅವರು ಬರೆದಿಟ್ಟ ವಿವರ ಮತ್ತು ಊರುಗಳ ಹೆಸರು. ನಂತರದ ಸಂಶೋಧಕರಿಗೆ ಆ ಹೆಸರುಗಳೇ ವಿಳಾಸವಾದವು.

ಈ ಕಪ್ಪೆಯನ್ನು ಈಗ ‘ಕುಣಿಯುವ ಕಪ್ಪೆ’ಗಳ ಕುಲಕ್ಕೆ ಸೇರಿಸಿದ್ದಾರೆ. ಈ ಕುಲ ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನ ಬೇರೆಲ್ಲೂ ಇಲ್ಲ. 2014ರಲ್ಲಿ ಎಸ್.ಡಿ. ಬಿಜು ಮತ್ತು ಸಂಗಡಿಗರು ಇದೇ ಕುಲದ 14 ಹೊಸ ಕಪ್ಪೆಗಳಿಗೆ ಹೆಸರಿಟ್ಟರು.

ಕುಣಿತಕ್ಕೂ ಕಾರಣವಿದೆ. ಹಳ್ಳದ ಭೋರ್ಗರೆತದಲ್ಲಿ ಕೂಗು ಸರಿಯಾಗಿ ಕೇಳಿಸುವುದಿಲ್ಲ. ಹಾಗಾಗಿ ಗಂಡು ಕಪ್ಪೆ ಒದ್ದೆ ಬಂಡೆಯ ಮೇಲೆ ಕೂತು ಕೂಗುವುದರ ಜೊತೆಗೆ ಹಿಂಗಾಲನ್ನು ಚಾಚಿ, ಬೆರಳ ನಡುವಿನ ಪೊರೆ ಬಿಡಿಸಿ, ಬಾವುಟದಂತೆ ಬೀಸುತ್ತದೆ. ‘ಇದು ನನ್ನ ಜಾಗ, ದೂರ ಸರಿ’ ಎಂದು ಬೇರೆ ಗಂಡಿಗೆ ಹೇಳುವ ರೀತಿ ಅದು. ಹೆಣ್ಣು ಹಿಂಗಾಲಿನಿಂದ ಹಳ್ಳದ ತಳ ಕೆದಕಿ ಮೊಟ್ಟೆಯಿಟ್ಟು, ಮರಳು ಮುಚ್ಚುತ್ತದೆ.

ಅಂದರೆ ಇದಕ್ಕೆ ನೆರಳು, ತಣ್ಣನೆಯ ಹರಿವ ನೀರು, ಕದಡದ ತಳ ಮೂರೂ ಬೇಕು. ದಡದ ಮರ ಕಡಿದರೆ, ಮರಳು ಬಾಚಿದರೆ, ಬೇಸಿಗೆಯಲ್ಲಿ ಪಂಪು ಹಚ್ಚಿ ಹಳ್ಳ ಬತ್ತಿಸಿದರೆ ಅದು ಬೇರೆಡೆ ಹೋಗಿ ಬದುಕಲಾರದು. ಈಗಾಗಲೇ ಅದು ಅಳಿವಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ಜಾಡಿಯಲ್ಲಿದ್ದ ಕಪ್ಪೆ ಕಳೆದಾಗ ಹುಡುಕಲು ಹಳ್ಳ ಇತ್ತು. ಹಳ್ಳವೇ ಹೋದರೆ ಎಲ್ಲಿ ಹುಡುಕುವುದು? ಮಳೆಗಾಲದಲ್ಲಿ ನಿಮ್ಮ ತೋಟದಂಚಿನ ಹಳ್ಳದ ಬಂಡೆಯ ಮೇಲೆ ಕಾಲು ಬೀಸುವ ಕಪ್ಪೆ ಕಂಡರೆ ದೂರದಿಂದಲೇ ನೋಡಿ. ದಡದ ಮರಗಳನ್ನು ಹಾಗೇ ಬಿಡಿ.