ವಿಮಾನಗಳ ಎತ್ತರದ ಅನುಜ್ಞೆಯೂ ಶಾಬ್ದಬೋಧವೂ

'ಕುರ್ಡಿಯಿಂದ ರಾಯಚೂರಿನವರೆಗೆ ಮಳೆಯಾಯಿತು' ಎಂದಲ್ಲಿ ರಾಯಚೂರಿನೊಳಗೂ ಮಳೆಯಾಯಿತೋ ಇಲ್ಲವೋ ಎಂಬ ಸಂಶಯವುಂಟು. ಎಲ್ಲೆಯನ್ನು ಬಿಟ್ಟು ಹೇಳುವುದು ಮರ್ಯಾದೆ, ಸೇರಿಸಿ ಹೇಳುವುದು ಅಭಿವಿಧಿ ಎಂದು ಪಾಣಿನೀಯರು ವಿಭಾಗಿಸಿರುವರು. ವಿಮಾನಸಂಚಾರದ ನಿಯಂತ್ರಕರು ಚಾಲಕರಿಗೆ ಕೊಡುವ ಎತ್ತರದ ಅನುಜ್ಞೆಯೂ ಇಂತಹ ಅವಧಿವಾಕ್ಯವೇ ಆಗಿದೆ. '15,000 ಅಡಿಗೆ ಇಳಿಯಿರಿ' ಎಂದರೆ ಆ ಎತ್ತರವನ್ನು ಮುಟ್ಟಿ ಅಲ್ಲಿಯೇ ನಿಲ್ಲತಕ್ಕುದು. ಅದರಿಂದ ಕೆಳಗಿಳಿಯಲು ಅಧಿಕಾರವಿಲ್ಲ.

ಕೇಳಿದವನು ಈ ಅನುಜ್ಞೆಯನ್ನು ಮರಳಿ ಉಚ್ಚರಿಸಬೇಕು. ಕೊಟ್ಟವನು ಅದನ್ನಾಲಿಸಿ, ತಪ್ಪಿದ್ದರೆ ತಿದ್ದಬೇಕು. ಮೀಮಾಂಸಕರ ಮತದಲ್ಲಿ ಅನುವಾದಕ್ಕೆ ಸ್ವತಂತ್ರವಾದ ಪ್ರಾಮಾಣ್ಯವಿಲ್ಲ. ಇಲ್ಲಿಯಾದರೋ ಅನುವಾದವಿಲ್ಲದೆ ವಿಧಿಯೇ ಪೂರ್ಣವಾಗದು. ಇದರ ಆವಶ್ಯಕತೆಯನ್ನು ಈಚಿನ ಇತಿಹಾಸವು ತೋರಿಸುತ್ತದೆ.

1989ನೆಯ ಫೆಬ್ರವರಿ 19ರಂದು ಕೌಲಾಲಂಪುರದ ಬಳಿ ಒಂದು ಸರಕುವಿಮಾನಕ್ಕೆ 2,400 ಅಡಿಗೆ ಇಳಿಯಲು ಅನುಜ್ಞೆಯಾಯಿತು. ನಿಯಂತ್ರಕನು 'ಸಾವಿರ', 'ನೂರು' ಎನ್ನದೆ ಅಂಕೆಗಳನ್ನು ಬಿಡಿಬಿಡಿಯಾಗಿ ನುಡಿದನು. ಇಂಗ್ಲಿಷಿನಲ್ಲಿ 'ಎರಡು' ಎಂಬ ಸಂಖ್ಯಾವಾಚಕವೂ 'ವರೆಗೆ' ಎಂಬರ್ಥದ ಅವ್ಯಯವೂ 'ಟೂ' ಎಂದೇ ಕೇಳಿಸುತ್ತವೆ. ಚಾಲಕರು 'ನಾಲ್ಕು ಸೊನ್ನೆ ಸೊನ್ನೆ' ಎಂದು ಅನುವದಿಸಿದರು, ಯಾರೂ ತಿದ್ದಲಿಲ್ಲ. ವಿಮಾನವು ಗುಡ್ಡಕ್ಕೆ ಬಡಿದು ನಾಲ್ವರೂ ಮೃತರಾದರು. ಕಾವ್ಯದಲ್ಲಿ ಅಲಂಕಾರವೆನಿಸುವ ಶ್ಲೇಷೆಯು ಇಲ್ಲಿ ಪ್ರಾಣಾಪಹಾರಿಯಾಯಿತು.

1996ನೆಯ ನವೆಂಬರ್ 12ರಂದು ದೆಹಲಿಯ ಸಮೀಪದ ಚರ್ಖಿ ದಾದ್ರಿಯಲ್ಲಿ ಆದುದು ಬೇರೆ ಬಗೆಯದು. ಇಳಿಯುತ್ತಿದ್ದ ಕಜಕಸ್ತಾನದ ವಿಮಾನಕ್ಕೆ 15,000 ಅಡಿ, ಏರುತ್ತಿದ್ದ ಸೌದಿ ವಿಮಾನಕ್ಕೆ 14,000 ಅಡಿ ಎಲ್ಲೆಯಾಗಿದ್ದಿತು. ಮೊದಲಿನದು ತನ್ನ ಎಲ್ಲೆಯನ್ನು ಮೀರಿ ಕೆಳಗಿಳಿಯಿತು. 349 ಜನರು ಮಡಿದರು. ನ್ಯಾಯಮೂರ್ತಿ ಲಾಹೋಟಿಯವರ ವಿಚಾರಣೆಯಲ್ಲಿ ಈ ಅತಿಕ್ರಮಣವೇ ಕಾರಣವೆಂದು ನಿರ್ಣಯವಾಯಿತು. ನಿಯಂತ್ರಕನೊಡನೆ ಮಾತನಾಡುತ್ತಿದ್ದವನು ಚಾಲಕನಲ್ಲ, ರೇಡಿಯೋ ನಿರ್ವಾಹಕನು ಎಂಬುದೂ, ಆಗ ದೆಹಲಿಯ ರಾಡಾರು ವಿಮಾನಗಳ ಎತ್ತರವನ್ನು ತೋರಿಸುತ್ತಿರಲಿಲ್ಲವೆಂಬುದೂ ಗಮನಾರ್ಹವಾಗಿವೆ. ಮಾತೊಬ್ಬನದು, ಕೃತಿಯೊಬ್ಬನದು ಆದಲ್ಲಿ ಅವುಗಳ ಸಾಮರಸ್ಯವನ್ನು ಪರೀಕ್ಷಿಸುವ ಸಾಧನವೇ ಇರಲಿಲ್ಲ.

ಈ ದುರಂತದ ತರುವಾಯ ಸಂಘಟ್ಟನವನ್ನು ಮುನ್ಸೂಚಿಸುವ ಯಂತ್ರವು ಭಾರತದಲ್ಲಿ ಕಡ್ಡಾಯವಾಯಿತು. 2018ನೆಯ ಜುಲೈ 10ರಂದು ಬೆಂಗಳೂರಿನ ಆಕಾಶದಲ್ಲಿ ಅದರ ಫಲವು ಕಂಡುಬಂದಿತು. ಹೈದರಾಬಾದಿಗೆ ಹೋಗುತ್ತಿದ್ದ ವಿಮಾನಕ್ಕೆ 36,000 ಅಡಿಗೂ, ಕೊಚ್ಚಿಗೆ ಹೋಗುತ್ತಿದ್ದುದಕ್ಕೆ 28,000 ಅಡಿಗೂ ಏರಲು ಅನುಜ್ಞೆಯಿದ್ದಿತು. ಎಲ್ಲೆಗಳು ಭಿನ್ನವಾಗಿದ್ದರೂ ಮಾರ್ಗಮಧ್ಯದಲ್ಲಿ ಅವುಗಳ ಎತ್ತರದ ಅಂತರವು ಸುಮಾರು 200 ಅಡಿಗೆ ಇಳಿಯಿತು. ಯಂತ್ರವು ಎಚ್ಚರಿಸಲು ಎರಡರಲ್ಲಿಯೂ ಇದ್ದವರು ಪಾರಾದರು.

ಆದುದರಿಂದ ಶ್ರವಣ, ಅನುವಾದ, ಆಚರಣೆ ಎಂಬ ಮೂರೂ ಏಕಾರ್ಥದಲ್ಲಿ ನಿಂತಾಗಲೇ ಅನುಜ್ಞೆಯ ಬೋಧವು ಸಿದ್ಧಿಸುವುದು. ಕೌಲಾಲಂಪುರದಲ್ಲಿ ಎರಡನೆಯದೂ ದಾದ್ರಿಯಲ್ಲಿ ಮೂರನೆಯದೂ ಕೆಟ್ಟುವು. ಯಂತ್ರವು ಕಡೆಯ ಕಾವಲು ಮಾತ್ರ. ಮೊದಲ ಕಾವಲು ಇಂದಿಗೂ ವಾಕ್ಯವೇ.