ಕೋಲಾರದ ಗಣಿಯಲ್ಲಿ ಸಿಕ್ಕ ನ್ಯೂಟ್ರಿನೊ

ಕೆಜಿಎಫ್ ಎಂದರೆ ಈಗ ಬಹಳ ಜನಕ್ಕೆ ಸಿನಿಮಾ ನೆನಪಾಗುತ್ತದೆ. ಭೌತವಿಜ್ಞಾನಿಗಳಿಗೆ ನೆನಪಾಗುವುದು 1965. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳು ಸಿಕ್ಕಿವೆ ಎಂದು ಜಗತ್ತಿಗೆ ಮೊದಲು ವರದಿ ಮಾಡಿದ್ದು ಇಲ್ಲಿ ಕೆಲಸ ಮಾಡುತ್ತಿದ್ದ ತಂಡ.

ನ್ಯೂಟ್ರಿನೊ ಬಹಳ ವಿಚಿತ್ರ ಕಣ. ಸೂರ್ಯನಿಂದ ಬರುವವೇ ಪ್ರತಿ ಸೆಕೆಂಡಿಗೆ 6,000 ಕೋಟಿಗೂ ಹೆಚ್ಚು ನಮ್ಮ ಒಂದು ಉಗುರಿನಷ್ಟು ಜಾಗವನ್ನು ಹಾದುಹೋಗುತ್ತವೆ. ನಮಗೆ ಗೊತ್ತೇ ಆಗುವುದಿಲ್ಲ. ಇಡೀ ಭೂಮಿಯೂ ಅವುಗಳಿಗೆ ಅಡ್ಡವಲ್ಲ. ಎಲ್ಲೋ ಅಪರೂಪಕ್ಕೊಂದು ಬಂಡೆಯ ಪರಮಾಣುವಿಗೆ ಡಿಕ್ಕಿ ಹೊಡೆದು ಮ್ಯೂಆನ್ ಎಂಬ ಕಣವನ್ನು ಹುಟ್ಟಿಸುತ್ತದೆ. ಹಿಡಿಯಬೇಕಾದದ್ದು ಅದನ್ನು. ತೊಡಕೆಂದರೆ, ವಿಶ್ವಕಿರಣಗಳಿಂದ ಹುಟ್ಟಿದ ಬೇರೆ ಮ್ಯೂಆನುಗಳು ನೆಲದ ಮೇಲೆ ಅಂಗೈಯಗಲ ಜಾಗಕ್ಕೆ ನಿಮಿಷಕ್ಕೆ ಸುಮಾರು ನೂರರಂತೆ ಸುರಿಯುತ್ತಿರುತ್ತವೆ. ಆ ಸಂತೆಯಲ್ಲಿ ಈ ಪಿಸುಮಾತು ಕೇಳುವುದಿಲ್ಲ. ಅದಕ್ಕೆ ಬೇಕಾದದ್ದು ತಲೆಯ ಮೇಲೆ ಕಿಲೋಮೀಟರುಗಟ್ಟಲೆ ಕಲ್ಲು.

ಕಲ್ಲು ಕೋಲಾರದಲ್ಲಿತ್ತು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರನ್ನು ಹೋಮಿ ಭಾಭಾ 1951ರಲ್ಲಿ ಅಲ್ಲಿಗೆ ಕಳುಹಿಸಿದ್ದು ಆಳಕ್ಕಿಳಿದಂತೆ ಮ್ಯೂಆನುಗಳು ಎಷ್ಟು ಕಡಿಮೆಯಾಗುತ್ತವೆ ಎಂದು ಅಳೆಯಲು. ಹತ್ತು ವರ್ಷದ ಬಳಿಕ, ಇನ್ನೂ ಆಳದಲ್ಲಿ ಇಟ್ಟ ಉಪಕರಣ ಸುಮಾರು ಎರಡು ತಿಂಗಳು ಒಂದೂ ಮ್ಯೂಆನನ್ನು ಕಾಣಲಿಲ್ಲ. ಬೇರೆ ಪ್ರಯೋಗದಲ್ಲಿ ಇದು ಸೋಲು. ಇಲ್ಲಿ ಅದೇ ಶುಭಸೂಚನೆ: ಇಷ್ಟು ಮೌನವಿರುವಲ್ಲಿ ನ್ಯೂಟ್ರಿನೊ ಹುಟ್ಟಿಸಿದ ಮ್ಯೂಆನನ್ನು ಗುರುತಿಸಬಹುದು.

ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯ ಕೈಜೋಡಿಸಿದವು. ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಕೆಳಗೆ ಉಪಕರಣಗಳನ್ನು ಗೋಡೆಯಂತೆ ನಿಲ್ಲಿಸಿದರು. ಮೇಲಿನಿಂದ ನುಸುಳುವ ಮ್ಯೂಆನುಗಳು ಹೆಚ್ಚಾಗಿ ನೇರ ಕೆಳಕ್ಕೆ ಬರುತ್ತವೆ. ಅಡ್ಡಡ್ಡ ಬಂದದ್ದು ನ್ಯೂಟ್ರಿನೊದ ಕೂಸು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ತಂಡವೂ ಇದೇ ಬೇಟೆಯಲ್ಲಿತ್ತು. ಅವರಿಗೆ ಫೆಬ್ರುವರಿಯಲ್ಲೇ ಒಂದು ಸಿಕ್ಕಿತ್ತು. ಆದರೆ ಪ್ರಕಟಣೆಯಲ್ಲಿ ಕೋಲಾರದ್ದು ಮುಂದಾಯಿತು: 1965ರ ಆಗಸ್ಟ್ 15. ಅವರದು ಬಂದದ್ದು ಎರಡು ವಾರ ತಡವಾಗಿ.

ಅಲ್ಲಿಂದ ಮುಂದಿನ ಪ್ರಶ್ನೆ ದೊಡ್ಡದು. ನ್ಯೂಟ್ರಿನೊಗಳಲ್ಲಿ ಎಲೆಕ್ಟ್ರಾನ್, ಮ್ಯೂಆನ್, ಟೌ ಎಂದು ಮೂರು ಬಗೆ. ದಾರಿಯಲ್ಲಿ ಒಂದು ಬಗೆ ಇನ್ನೊಂದಾಗಬಹುದೇ? ಇದಕ್ಕೇ ಆಂದೋಲನ ಎನ್ನುವುದು. ಹಾಗೆ ಬದಲಾಗಬೇಕಾದರೆ ಅವಕ್ಕೆ ಅತಿ ಸಣ್ಣದಾದರೂ ದ್ರವ್ಯರಾಶಿ ಇರಲೇಬೇಕು. ಉತ್ತರಕ್ಕೆ ಬೆರಳೆಣಿಕೆಯ ಘಟನೆಗಳು ಸಾಲವು, ಸಾವಿರಗಟ್ಟಲೆ ಬೇಕು.

1980ರಲ್ಲಿ ಕೋಲಾರದಲ್ಲಿ ಪ್ರೋಟಾನ್ ಒಡೆಯುವುದೇ ಎಂದು ನೋಡಲು 140 ಟನ್ನಿನ ಉಪಕರಣ ಶುರುವಾಯಿತು. ಅದೇ ಗುರಿಯಿಂದ 1983ರಲ್ಲಿ ಜಪಾನಿನ ಕಮಿಯೋಕದ ಗಣಿಯಲ್ಲಿ 3,000 ಟನ್ ನೀರಿನ ತೊಟ್ಟಿ ಕೆಲಸ ಆರಂಭಿಸಿತು. ಪ್ರೋಟಾನ್ ಒಡೆದದ್ದು ಎಲ್ಲಿಯೂ ದೃಢವಾಗಲಿಲ್ಲ. ಆದರೆ ಜಪಾನಿನವರು ಅಲ್ಲಿಗೆ ಬಿಡದೆ 50,000 ಟನ್ನಿನ ಸೂಪರ್ ಕಮಿಯೋಕಾಂಡೆ ಕಟ್ಟಿದರು. ಭೂಮಿಯ ಆಚೆ ಬದಿಯಿಂದ ಸುಮಾರು 13,000 ಕಿಲೋಮೀಟರ್ ಹಾದುಬರುವ ಮ್ಯೂಆನ್ ನ್ಯೂಟ್ರಿನೊಗಳಲ್ಲಿ ಅರ್ಧದಷ್ಟು ಕಾಣೆಯಾಗಿರುವುದನ್ನು 1998ರಲ್ಲಿ ತೋರಿಸಿದರು. 2015ರಲ್ಲಿ ತಕಾಕಿ ಕಜಿಟಾ ಅವರಿಗೆ ಕೆನಡದ ಆರ್ಥರ್ ಮೆಕ್‌ಡೊನಾಲ್ಡ್ ಜೊತೆ ನೊಬೆಲ್ ಬಂತು.

ಕೋಲಾರದಲ್ಲಿ 1990ರ ದಶಕದ ಆರಂಭಕ್ಕೇ ಪ್ರಯೋಗಗಳು ನಿಂತಿದ್ದವು. ನಷ್ಟದ ಗಣಿಯನ್ನು 2001ರ ಫೆಬ್ರುವರಿ 28ರಂದು ಮುಚ್ಚಲಾಯಿತು. ಕಲ್ಲು ಸಿಡಿಯುವ ಭಯದಲ್ಲಿ, ಬಿಸಿ ಸುರಂಗಗಳಲ್ಲಿ ತಲೆಮಾರುಗಟ್ಟಲೆ ದುಡಿದ ಕಾರ್ಮಿಕರ ಮಕ್ಕಳು ಈಗ ಕೆಲಸಕ್ಕೆ ಬೆಂಗಳೂರಿನ ರೈಲು ಹಿಡಿಯುತ್ತಾರೆ. ಆ ಕಾರ್ಮಿಕರು ತೋಡಿದ ಆಳವಿಲ್ಲದೆ 1965ರ ಶೋಧವೂ ಇರುತ್ತಿರಲಿಲ್ಲ. ತಮಿಳುನಾಡಿನ ಬೋಡಿ ಬೆಟ್ಟದಲ್ಲಿ ಹೊಸ ನ್ಯೂಟ್ರಿನೊ ವೀಕ್ಷಣಾಲಯಕ್ಕೆ 2015ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟರೂ ಸ್ಥಳೀಯ ವಿರೋಧ ಮತ್ತು ವ್ಯಾಜ್ಯಗಳಲ್ಲಿ ಅದು ಸಿಕ್ಕಿಬಿತ್ತು.

ಮೊದಲು ಕಂಡದ್ದರ ಹೆಮ್ಮೆ ನಮ್ಮದೇ. ಆದರೆ ವಿಜ್ಞಾನದಲ್ಲಿ ಮೊದಲು ಬಾಗಿಲು ತೆರೆದವರಿಗಿಂತ ಒಳಗೆ ಉಳಿದವರಿಗೇ ಹೆಚ್ಚು ಕಾಣುತ್ತದೆ. ಕಮಿಯೋಕದ ಗಣಿಯಲ್ಲಿ ನೀರು ತುಂಬಿಸಿ ಇಂದಿಗೂ ಎಣಿಸುತ್ತಿದ್ದಾರೆ. ಪಂಪುಗಳು ನಿಂತ ಮೇಲೆ ಕೋಲಾರದ ಸುರಂಗಗಳಲ್ಲೂ ನೀರು ತುಂಬಿದೆ, ಅಲ್ಲಿ ಎಣಿಸುವವರಿಲ್ಲ.